ಮಾಹಿತಿ ಮಾರುವುದನ್ನು ಕಲಿಸುವ ಕೋರ್ಸು: ಕೊಂಡು, ಕಲಿತು, ಮಾರಿ ನೋಡಿದ ಮೇಲೆ

ತನಗೆ ತಿಳಿದಿರುವ ವಿಷಯವನ್ನು ಇ-ಪುಸ್ತಕವಾಗಿಯೋ, ವಿಡಿಯೊ ಪಾಠವಾಗಿಯೋ, ಸಿದ್ಧ ಟೆಂಪ್ಲೇಟ್‌ಗಳ ಕಟ್ಟಾಗಿಯೋ ರೂಪಿಸಿ ಮಾರುವುದು ಹೇಗೆಂದು ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ನಾನು ಕಳೆದ ವರ್ಷ ಹಣ ಕೊಟ್ಟು ಸೇರಿದೆ. ಅದರಲ್ಲಿ 8 ಭಾಗಗಳೂ 46 ವಿಡಿಯೊಗಳೂ ಇದ್ದು, ಎಲ್ಲವನ್ನೂ ನೋಡಲು ಸುಮಾರು 11 ಗಂಟೆ ಬೇಕಾಗುತ್ತದೆ. ಅಷ್ಟನ್ನೂ ನೋಡಿ, ಅದು ಹೇಳಿದ ಕ್ರಮದಲ್ಲೇ ಒಂದು ಕೈಪಿಡಿಯನ್ನು ಬರೆದು, ನಾಲ್ಕು ತಿಂಗಳು ಮಾರಿದ ಬಳಿಕ ಈ ವಿಮರ್ಶೆಗೆ ಕುಳಿತಿದ್ದೇನೆ. ಕೋರ್ಸಿನ ಮಾರಾಟ ಪುಟದಲ್ಲಿ ಹೊಗಳಿಕೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಪಾಠ ಕೇಳಿದ ಉತ್ಸಾಹದಲ್ಲಿ ಬರೆದವುಗಳೇ ಹೊರತು, ಸ್ವಂತದ್ದೊಂದನ್ನು ಮಾರಿ ಲೆಕ್ಕ ನೋಡಿದವರು ಬರೆದವುಗಳಲ್ಲ. ಕೋರ್ಸಿನ ಹೆಸರನ್ನು ನಾನು ಹೇಳುತ್ತಿಲ್ಲ. ಇದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಕೋರ್ಸುಗಳು ಹತ್ತಾರು ಇರುವುದರಿಂದ, ಒಂದರ ಗುಣದೋಷಗಳನ್ನು ತಿಳಿದವರಿಗೆ ಉಳಿದವುಗಳನ್ನು ಅಳೆಯುವುದು ಕಷ್ಟವಾಗದು.

ನಾನು ಆರಿಸಿಕೊಂಡ ವಿಷಯ ಹಳೆಯ ಧ್ವನಿ ಕ್ಯಾಸೆಟ್‌ಗಳನ್ನು ಡಿಜಿಟಲ್ ಕಡತಗಳಾಗಿ ಪರಿವರ್ತಿಸುವುದು. ಹಲವು ವರ್ಷಗಳಿಂದ ಹವ್ಯಾಸವಾಗಿ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕೋರ್ಸಿಗೆ ಸೇರುವ ಮೊದಲು ನನ್ನ ಮನಸ್ಸಿನಲ್ಲಿದ್ದದ್ದು 300 ಪುಟಗಳ ಗ್ರಂಥ. ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫಿನಿಂದ ಆರಂಭಿಸಿ, ಫಿಲಿಪ್ಸ್ ಸಂಸ್ಥೆ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದ ಕಥೆಯನ್ನು ಹೇಳಿ, ಕಾಂತೀಯ ಪಟ್ಟಿಯ ರಸಾಯನಶಾಸ್ತ್ರವನ್ನು ವಿವರಿಸಿ, ಕೊನೆಗೊಮ್ಮೆ ಕಂಪ್ಯೂಟರಿನ ಹತ್ತಿರ ಬರುವ ಯೋಜನೆ ಅದಾಗಿತ್ತು. ಅದನ್ನು ಬರೆದಿದ್ದರೆ ಓದುವವನು ನಾನೊಬ್ಬನೇ ಆಗಿರುತ್ತಿದ್ದೆ.

ಅದರಿಂದ ನನ್ನನ್ನು ಪಾರುಮಾಡಿದ್ದು ಕೋರ್ಸಿನ ಮೊದಲ ಎರಡು ಭಾಗಗಳು, ಮತ್ತು ಕೊಟ್ಟ ಹಣಕ್ಕೆ ನಿಜವಾಗಿ ಸಿಕ್ಕ ಸರಕೂ ಅವೇ. ನಿಮಗೆ ಏನು ಗೊತ್ತಿದೆ ಎಂದು ಕೇಳಿಕೊಳ್ಳಬೇಡಿ, ಜನ ನಿಮ್ಮನ್ನು ಮತ್ತೆ ಮತ್ತೆ ಏನು ಕೇಳುತ್ತಾರೆ ಎಂಬುದನ್ನು ಪಟ್ಟಿ ಮಾಡಿ ಎಂದು ಬೋಧಕರು ಹೇಳುತ್ತಾರೆ. ಪಟ್ಟಿಯಲ್ಲಿ ಕನಿಷ್ಠ 30 ಪ್ರಶ್ನೆಗಳಿರಬೇಕು, ಅವು ಕೇಳಿದವರ ಮಾತಿನಲ್ಲೇ ಇರಬೇಕು, ನಮ್ಮ ಪರಿಭಾಷೆಗೆ ತಿದ್ದಿದ ಪ್ರಶ್ನೆ ಲೆಕ್ಕಕ್ಕಿಲ್ಲ ಎಂಬುದು ಅವರ ಷರತ್ತು. ಆರು ವರ್ಷಗಳ ಹಳೆಯ ಇಮೇಲ್‌ಗಳನ್ನು ತೆರೆದು ಕುಳಿತೆ. ಗೊರಗೊರ ಶಬ್ದವನ್ನು ತೆಗೆಯುವ ಬಗ್ಗೆಯೇ ಹೆಚ್ಚಿನವರು ಕೇಳಿರುತ್ತಾರೆಂದು ಭಾವಿಸಿದ್ದೆ, ಏಕೆಂದರೆ ನನಗೆ ಪ್ರಿಯವಾದ ವಿಷಯ ಅದು. ಆದರೆ ಪಟ್ಟಿಯ ಅರ್ಧದಷ್ಟು ಪ್ರಶ್ನೆಗಳು ಒಂದೇ ತಂತಿಯ ಸುತ್ತ ಸುತ್ತುತ್ತಿದ್ದವು: ಪ್ಲೇಯರಿನ ಯಾವ ರಂಧ್ರದಿಂದ ಕಂಪ್ಯೂಟರಿನ ಯಾವ ರಂಧ್ರಕ್ಕೆ ತಂತಿ ಹಾಕಬೇಕು, ಹಾಕಿದರೆ ಧ್ವನಿ ಒಡೆದು ಬರುವುದೇಕೆ? ಹೆಡ್‌ಫೋನಿನ ಬಲವಾದ ಸಂಕೇತವನ್ನು ಮೈಕಿನ ಸೂಕ್ಷ್ಮವಾದ ಒಳದಾರಿಗೆ ಕೊಟ್ಟರೆ ಧ್ವನಿ ಒಡೆಯುವುದು ನನಗೆ ಎಷ್ಟು ಸಹಜವಾಗಿ ತಿಳಿದಿತ್ತೆಂದರೆ, ಗ್ರಂಥದ ಯೋಜನೆಯಲ್ಲಿ ಅದಕ್ಕೊಂದು ಸಾಲನ್ನೂ ಮೀಸಲಿಟ್ಟಿರಲಿಲ್ಲ. ಬಲ್ಲವನಿಗೆ ತಾನು ಬಲ್ಲದ್ದರಲ್ಲಿ ಯಾವುದು ಇತರರಿಗೆ ಕಠಿಣ ಎಂಬುದೇ ಮರೆತುಹೋಗಿರುತ್ತದೆ ಎಂಬ ಮಾತನ್ನು ಬೋಧಕರು ಎರಡನೆಯ ಭಾಗದಲ್ಲಿ ಉದಾಹರಣೆಗಳೊಡನೆ ವಿವರಿಸುತ್ತಾರೆ. ಆ ಪಾಠವನ್ನು ನಾನು ಮೂರು ಬಾರಿ ನೋಡಿದೆ. 300 ಪುಟಗಳ ಗ್ರಂಥ 40 ಪುಟಗಳ ಕೈಪಿಡಿಯಾಯಿತು. ಎಡಿಸನ್ ಪೂರ್ತಿ ಹೊರಗುಳಿದರು, ಫಿಲಿಪ್ಸ್ ಒಂದು ವಾಕ್ಯಕ್ಕೆ ಇಳಿಯಿತು.

ಮೂರನೆಯ ಭಾಗದಲ್ಲಿ ಬರವಣಿಗೆ ಮತ್ತು ವಿನ್ಯಾಸದ ಪಾಠಗಳಿವೆ. ಹೊಸತೇನೂ ಇಲ್ಲದ ಸಾಧಾರಣ ಪಾಠಗಳು ಅವು. ಮುಖಪುಟದ ಬಗೆಗಿನ ಸಲಹೆಯೊಂದು ಮಾತ್ರ ನೆನಪಿನಲ್ಲಿ ಉಳಿಯಿತು: 40 ಪುಟಗಳ ಪಿಡಿಎಫ್ ಕಡತವನ್ನು ಗಟ್ಟಿರಟ್ಟಿನ ದಪ್ಪ ಪುಸ್ತಕದಂತೆ ಚಿತ್ರಿಸಿ ತೋರಿಸಬೇಕಂತೆ. ನಾನು ಹಾಗೆ ಮಾಡಲಿಲ್ಲ. ಮಾರಾಟ ಅದರಿಂದ ಕಡಿಮೆಯಾಗಿದ್ದರೆ ಆಗಿರಲಿ.

ಮಾರಾಟದ ಕೌಶಲವನ್ನು ಕಲಿಸುವ ನಾಲ್ಕನೆಯ ಭಾಗದ ಹಿಂದೆ ಒಂದು ಹಳೆಯ ತೊಡಕಿದೆ. ಮಾಹಿತಿಯು ಎಷ್ಟು ಬೆಲೆಬಾಳುತ್ತದೆಂಬುದು ಅದು ಕೈಗೆ ಬರುವವರೆಗೆ ಕೊಳ್ಳುವವನಿಗೆ ತಿಳಿಯುವುದಿಲ್ಲ, ಕೈಗೆ ಬಂದ ಮೇಲೆ ಅದಕ್ಕಾಗಿ ಹಣ ಕೊಡಬೇಕಾದ ಕಾರಣವೇ ಉಳಿಯುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1962ರಲ್ಲಿ ತೋರಿಸಿಕೊಟ್ಟಿದ್ದರು. ಕೋರ್ಸು ಅವರ ಹೆಸರನ್ನು ಎತ್ತುವುದಿಲ್ಲವಾದರೂ, ಅದು ಕಲಿಸುವ ಉಪಾಯಗಳೆಲ್ಲವೂ, ಅಂದರೆ ಉಚಿತ ಮಾದರಿ, ಬಳಸಿದವರ ಅಭಿಪ್ರಾಯ, ಹಣ ವಾಪಸಿನ ಭರವಸೆ, ಈ ತೊಡಕನ್ನು ದಾಟಲು ಹಾಕಿದ ಕಾಲುಸಂಕಗಳೇ ಆಗಿವೆ. ಇವುಗಳಲ್ಲಿ ನನಗೆ ಕೆಲಸಕ್ಕೆ ಬಂದದ್ದು ಉಚಿತ ಮಾದರಿ. ಪುಸ್ತಕದ ಮೊದಲ ಅಧ್ಯಾಯವನ್ನೋ ಪರಿವಿಡಿಯನ್ನೋ ಕೊಟ್ಟು ಕೈತೊಳೆದುಕೊಳ್ಳದೆ, ಓದಿದವನು ಅದೇ ದಿನ ಮಾಡಿ ಫಲ ಕಾಣಬಹುದಾದ ಒಂದು ಸಣ್ಣ ಕೆಲಸವನ್ನು ಪೂರ್ತಿಯಾಗಿ ಕೊಡಬೇಕೆಂದು ಕೋರ್ಸು ಹೇಳುತ್ತದೆ. ಪ್ಲೇಯರಿನ ಹೆಡ್ಡನ್ನು, ಅಂದರೆ ಕ್ಯಾಸೆಟ್ಟಿನ ಪಟ್ಟಿಯಿಂದ ದನಿಯನ್ನು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಶುಚಿಗೊಳಿಸುವ ಎರಡು ಪುಟಗಳನ್ನು ನಾನು ಉಚಿತವಾಗಿ ಇಟ್ಟೆ. ವರ್ಷಗಳ ಕಂದು ಪುಡಿ ಹತ್ತಿಗೆ ಅಂಟಿ ಬಂದದ್ದನ್ನು ಕಂಡು, ಮಸುಕಾಗಿದ್ದ ದನಿ ತಿಳಿಯಾದದ್ದನ್ನು ಕೇಳಿದವರಲ್ಲಿ ಹಲವರು ಉಳಿದ 38 ಪುಟಗಳಿಗೆ ಹಣ ಕೊಟ್ಟರು.

ವಿಚಿತ್ರವೆಂದರೆ ಕೋರ್ಸು ತನ್ನ ಮಾರಾಟದಲ್ಲಿ ಈ ಪಾಠವನ್ನು ಪಾಲಿಸುವುದಿಲ್ಲ. ಉಚಿತವಾಗಿ ಅದು ಕೊಡುವುದು ಒಂದು ಗಂಟೆಯ ಭಾಷಣ. ಅದರಲ್ಲಿ ಮುಕ್ಕಾಲು ಪಾಲು ಬೋಧಕರ ಗಳಿಕೆಯ ಚಿತ್ರಗಳು. ಆ ಚಿತ್ರಗಳಲ್ಲಿ ಕಾಣುವುದು ಒಟ್ಟು ಮಾರಾಟದ ಮೊತ್ತ. ಜಾಹೀರಾತಿಗೆ, ಮಧ್ಯವರ್ತಿ ತಾಣಕ್ಕೆ, ಮರುಪಾವತಿಗೆ ಹೋದದ್ದನ್ನು ಕಳೆದು ಉಳಿದದ್ದೆಷ್ಟು ಎಂಬುದು ಎಲ್ಲಿಯೂ ಇಲ್ಲ. ಹೀಗೆ ಗಳಿಕೆಯ ಆಸೆ ತೋರಿಸಿ ಮಾರುವ ಸಂಸ್ಥೆಗಳಿಗೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2021ರ ಅಕ್ಟೋಬರಿನಲ್ಲಿ ಒಂದೇ ಬಾರಿಗೆ ಎಚ್ಚರಿಕೆಯ ನೋಟಿಸುಗಳನ್ನು ಕಳುಹಿಸಿತ್ತು. ನೋಟಿಸು ಪಡೆದವುಗಳ ಸಂಖ್ಯೆ 1,100ಕ್ಕೂ ಹೆಚ್ಚು ಎಂಬುದನ್ನು ನೋಡಿದರೆ ಈ ರೋಗ ಎಷ್ಟು ವ್ಯಾಪಕವಾದದ್ದೆಂದು ತಿಳಿಯುತ್ತದೆ. ಪುಟದ ಮೇಲ್ಭಾಗದಲ್ಲಿ ಓಡುತ್ತಿದ್ದ ಗಡಿಯಾರವು ರಿಯಾಯಿತಿ ಮುಗಿಯಲು ಇನ್ನು 47 ನಿಮಿಷಗಳಿವೆ ಎಂದು ಹೇಳುತ್ತಿತ್ತು. ಪುಟವನ್ನು ಮುಚ್ಚಿ ಮಾರನೆಯ ದಿನ ತೆರೆದಾಗಲೂ ಅದು ಮತ್ತೆ ಒಂದು ಗಂಟೆಯಿಂದಲೇ ಇಳಿಯತೊಡಗಿತು. ಅದನ್ನು ಕಂಡೂ ನಾನು ಕೊಂಡೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಣ ವಾಪಸಿನ ಭರವಸೆಯ ಕಥೆ ಇನ್ನೂ ಸೊಗಸಾಗಿದೆ. 30 ದಿನಗಳೊಳಗೆ ತೃಪ್ತಿಯಾಗದಿದ್ದರೆ ಪೂರ್ಣ ಮೊತ್ತ ಮರಳಿ ಬರುತ್ತದೆ, ಆದರೆ ಎಂಟೂ ಭಾಗಗಳ ಅಭ್ಯಾಸಗಳನ್ನು ಮಾಡಿ ಸಲ್ಲಿಸಿರಬೇಕು ಎಂಬ ನಿಯಮವಿದೆ. ಭಾಗಗಳು ತೆರೆದುಕೊಳ್ಳುವುದು ವಾರಕ್ಕೊಂದರಂತೆ. ಹೀಗಾಗಿ ಐದನೆಯ ಭಾಗ ತೆರೆಯುವ ಹೊತ್ತಿಗೆ ಭರವಸೆಯ ಅವಧಿ ಮುಗಿಯುತ್ತ ಬಂದಿರುತ್ತದೆ, ಎಂಟನೆಯ ಭಾಗದ ಅಭ್ಯಾಸವನ್ನು ಆ ಅವಧಿಯಲ್ಲಿ ಸಲ್ಲಿಸಲು ಯಾವ ಜಾಣನಿಂದಲೂ ಆಗದು. ಕನ್ನಡಿಯೊಳಗಿನ ಗಂಟು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಐದನೆಯ ಭಾಗವು ಬೆಲೆ ಮತ್ತು ಮಾರಾಟ ತಾಣಗಳ ಬಗ್ಗೆ ಇದ್ದು, ಇಲ್ಲಿ ಕೋರ್ಸು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಬೆಲೆಯನ್ನು ಪುಟಗಳ ಸಂಖ್ಯೆಯ ಮೇಲೆ ನಿಗದಿಮಾಡದೆ, ಓದುಗನಿಗೆ ಉಳಿಯುವ ಸಮಯ ಮತ್ತು ತಪ್ಪುವ ನಷ್ಟದ ಮೇಲೆ ನಿಗದಿಮಾಡಬೇಕೆಂಬ ಸೂತ್ರ ಸರಿಯಾದದ್ದೇ. ಬೇರೆ ಪ್ರತಿಯೇ ಇಲ್ಲದ ದನಿಯಿರುವ ಕ್ಯಾಸೆಟ್ಟಿನ ಪಟ್ಟಿಯನ್ನು ಯಂತ್ರ ನುಂಗಿಬಿಟ್ಟರೆ ಆಗುವ ನಷ್ಟವನ್ನು ಪುಟದ ಲೆಕ್ಕದಲ್ಲಿ ಅಳೆಯಲಾಗದು. ಆದರೆ ನಿಗದಿಮಾಡಿದ ಬೆಲೆಯಲ್ಲಿ ಕೈಗೆ ಬರುವುದೆಷ್ಟು ಎಂಬ ಗಣಿತವನ್ನು ಬೋಧಕರು ಒಂದೇ ಸಾಲಿನಲ್ಲಿ ದಾಟಿಸುತ್ತಾರೆ. ಆ ಗಣಿತವನ್ನು ನಾನೇ ಮಾಡಬೇಕಾಯಿತು. ಇದನ್ನು ಓದುವವರಿಗೆ ಆ ಶ್ರಮ ತಪ್ಪಲೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಮ್‌ರೋಡ್ ಎಂಬ, ಡಿಜಿಟಲ್ ಸರಕುಗಳನ್ನು ಮಾರಲು ಜಾಗ ಕೊಡುವ ತಾಣದಲ್ಲಿ ನಮ್ಮ ಸ್ವಂತ ಕೊಂಡಿಯ ಮೂಲಕ ಮಾರಾಟವಾದರೆ ಶೇ 10ರ ಜೊತೆಗೆ ಪ್ರತಿ ಮಾರಾಟಕ್ಕೆ 50 ಸೆಂಟ್ ಶುಲ್ಕವಿದೆ. ಕೊಳ್ಳುವವರು ಸರಕು ಹುಡುಕುವ ಅವರದೇ ಡಿಸ್ಕವರ್ ವಿಭಾಗದ ಮೂಲಕ ಗ್ರಾಹಕ ಬಂದರೆ ಶುಲ್ಕ ಶೇ 30ಕ್ಕೆ ಏರುತ್ತದೆ. ಕಾರ್ಡು ಪಾವತಿಯ ವೆಚ್ಚವನ್ನು ಬದಿಗಿಟ್ಟು ನೋಡಿದರೂ, ಸ್ವಂತ ಕೊಂಡಿಯ ಮೂಲಕ 10 ಡಾಲರಿಗೆ ಮಾರಿದರೆ ಒಂದೂವರೆ ಡಾಲರ್ ಹೋಗುತ್ತದೆ, 3 ಡಾಲರಿಗೆ ಮಾರಿದರೆ 80 ಸೆಂಟ್ ಹೋಗುತ್ತದೆ. ಎರಡನೆಯದು ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು. ಕೈಪಿಡಿಯನ್ನು ಅಗ್ಗವಾಗಿ ಇಟ್ಟು ಹೆಚ್ಚು ಜನರಿಗೆ ಮುಟ್ಟಿಸುತ್ತೇನೆಂದು ಹೊರಟವರಿಗೆ ಆ 50 ಸೆಂಟಿನ ನಿಗದಿತ ಭಾಗವೇ ಮೊದಲ ಪೆಟ್ಟು ಕೊಡುತ್ತದೆ.

ಲೇಖಕರು ತಾವೇ ಇ-ಪುಸ್ತಕ ಪ್ರಕಟಿಸಿ ಮಾರಬಹುದಾದ, ಅಮೆಜಾನಿನ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್‌ನ ಲೆಕ್ಕ ಇನ್ನೊಂದು ಬಗೆಯದು. ಅಮೆರಿಕದ ಮಳಿಗೆಯಲ್ಲಿ ಇ-ಪುಸ್ತಕದ ಬೆಲೆ 2.99 ಡಾಲರಿನಿಂದ 9.99 ಡಾಲರಿನ ಒಳಗಿದ್ದರೆ ಮಾತ್ರ ಶೇ 70ರ ರಾಯಧನವನ್ನು ಆರಿಸಿಕೊಳ್ಳಬಹುದು. ಅದರಿಂದ ಆಚೆ ಈಚೆ ಹೋದರೆ ಶೇ 35. ಹೀಗಾಗಿ 9.99 ಡಾಲರಿನ ಪುಸ್ತಕದಿಂದ ಸುಮಾರು 7 ಡಾಲರ್ ಬಂದರೆ, 12 ಡಾಲರಿನ ಪುಸ್ತಕದಿಂದ ಬರುವುದು 4.20 ಡಾಲರ್ ಮಾತ್ರ. ಬೆಲೆ ಏರಿಸಿ ವರಮಾನ ಇಳಿಸಿಕೊಳ್ಳುವ ಈ ಕುಣಿಕೆಯಿಂದ ಹೊರಬರಲು ಬೆಲೆಯನ್ನು 20 ಡಾಲರಿನ ಹತ್ತಿರಕ್ಕೆ ಒಯ್ಯಬೇಕಾಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಶೇ 70ರ ಆಯ್ಕೆಯಲ್ಲಿ ಕಡತದ ಗಾತ್ರಕ್ಕೆ ತಕ್ಕಂತೆ, ಅಮೆರಿಕದ ಮಳಿಗೆಯಲ್ಲಿ ಪ್ರತಿ ಮೆಗಾಬೈಟಿಗೆ 15 ಸೆಂಟಿನಂತೆ, ತಲುಪಿಸುವ ವೆಚ್ಚವನ್ನು ಮೊದಲು ಕಳೆಯುತ್ತಾರೆ. ತಂತಿ, ರಂಧ್ರ, ಗುಂಡಿಗಳ ಛಾಯಾಚಿತ್ರಗಳಿಂದ ತುಂಬಿದ ನನ್ನ ಕೈಪಿಡಿಯ ಗಾತ್ರ 20 ಮೆಗಾಬೈಟ್ ಇತ್ತು. ಅಂದರೆ 9.99 ಡಾಲರಿಗೆ ಮಾರಿದ್ದರೆ ಪ್ರತಿಗೆ 3 ಡಾಲರ್ ಆ ಬಾಬ್ತಿಗೇ ಹೋಗಿ, ಉಳಿದದ್ದರ ಶೇ 70 ಎಂದರೆ 4.89 ಡಾಲರ್ ಕೈಗೆ ಬರುತ್ತಿತ್ತು. ಚಿತ್ರಗಳನ್ನು ಕುಗ್ಗಿಸುವುದು ಓದುಗನ ಅನುಕೂಲಕ್ಕೆ ಮಾತ್ರವಲ್ಲ, ನೇರವಾಗಿ ಬರೆದವನ ಜೇಬಿಗೂ ಸಂಬಂಧಿಸಿದ ಕೆಲಸವೆಂಬುದನ್ನು ಕೋರ್ಸು ಹೇಳಬೇಕಿತ್ತು.

ಅದಕ್ಕಿಂತ ದೊಡ್ಡ ಲೋಪವೊಂದಿದೆ. ಎಷ್ಟು ಸಾಧ್ಯವೋ ಅಷ್ಟು ತಾಣಗಳಲ್ಲಿ ಏಕಕಾಲಕ್ಕೆ ಮಾರಾಟಕ್ಕೆ ಇಡಿ ಎಂದು ಸಲಹೆ ಕೊಡುವ ಬೋಧಕರು, ಅದೇ ಉಸಿರಿನಲ್ಲಿ ಅಮೆಜಾನಿನ ಇದೇ ಪ್ರಕಾಶನ ಸೇವೆಯ ಕೆಡಿಪಿ ಸೆಲೆಕ್ಟ್ ಯೋಜನೆಗೂ ಸೇರಲು ಹೇಳುತ್ತಾರೆ. ಆ ಯೋಜನೆಗೆ ಸೇರಿದವರು 90 ದಿನಗಳ ಅವಧಿಯಲ್ಲಿ ಇ-ಪುಸ್ತಕವನ್ನು ಬೇರೆಲ್ಲಿಯೂ ಡಿಜಿಟಲ್ ರೂಪದಲ್ಲಿ ಮಾರುವಂತಿಲ್ಲ. ಎರಡೂ ಸಲಹೆಗಳನ್ನು ಒಟ್ಟಿಗೆ ಪಾಲಿಸಿದವನು ನಿಯಮ ಮುರಿದವನಾಗುತ್ತಾನೆ.

ವಿಡಿಯೊ ಪಾಠಗಳ ವಿಷಯಕ್ಕೆ ಬಂದರೆ, ಇಂತಹ ಪಾಠಗಳನ್ನು ಮಾರುವ ಯುಡೆಮಿ ತಾಣದಲ್ಲಿ ಬೋಧಕ ತನ್ನ ಕೂಪನ್ ಅಥವಾ ಕೊಂಡಿಯ ಮೂಲಕ ತಾನೇ ತಂದ ವಿದ್ಯಾರ್ಥಿಯ ಹಣದಲ್ಲಿ ಶೇ 97 ಬೋಧಕನಿಗೂ, ತಾಣವೇ ಹುಡುಕಿಕೊಟ್ಟ ವಿದ್ಯಾರ್ಥಿಯ ಹಣದಲ್ಲಿ ಶೇ 37 ಬೋಧಕನಿಗೂ ಸಲ್ಲುತ್ತದೆ. ಗಮ್‌ರೋಡಿನ ಎರಡು ದರಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ತಾಣಗಳು ದುಬಾರಿಯಾಗಿ ಮಾರುತ್ತಿರುವುದು ಕಡತ ಇಡುವ ಜಾಗವನ್ನಲ್ಲ, ಕೊಳ್ಳುವವರನ್ನು. ಮೊದಲೇ ನಾಲ್ಕು ಜನ ನಂಬಿ ಮಾತು ಕೇಳುವವರಿದ್ದರೆ ಶುಲ್ಕ ಹಗುರ, ಇಲ್ಲದಿದ್ದರೆ ಭಾರ. ನನ್ನ 63 ಪ್ರತಿಗಳಲ್ಲಿ 41 ಹೋದದ್ದು, ಹಿಂದೆ ನಾನು ಇಮೇಲಿನಲ್ಲಿ ಬಿಟ್ಟಿಯಾಗಿ ಉತ್ತರ ಬರೆದಿದ್ದವರಿಗೆ ಮತ್ತು ಅವರು ಹೇಳಿ ಕಳುಹಿಸಿದವರಿಗೆ. ಆರನೆಯ ಭಾಗದಲ್ಲಿ ಕಲಿಸಿದ ಜಾಹೀರಾತಿನಿಂದ ಬಂದವರು ನಾಲ್ವರು; ಅವರನ್ನು ಕರೆತರಲು ಖರ್ಚಾದದ್ದು ಅವರು ಕೊಟ್ಟದ್ದಕ್ಕಿಂತ ಹೆಚ್ಚು.

ತೆರಿಗೆಯ ಬಗ್ಗೆ ಕೋರ್ಸಿನಲ್ಲಿ ಒಂದೂ ಪಾಠವಿಲ್ಲ. ಡಿಜಿಟಲ್ ಸರಕಿನ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಐರೋಪ್ಯ ಒಕ್ಕೂಟವು 2015ರ ಜನವರಿ 1ರಿಂದ ಮಾರುವವನ ಊರಿನ ಲೆಕ್ಕ ಬಿಟ್ಟು ಕೊಳ್ಳುವವನಿರುವ ದೇಶದ ದರದಲ್ಲಿ ವಿಧಿಸುತ್ತಿದೆ. ಸ್ವಂತ ಜಾಲತಾಣದಿಂದ ಮಾರುವವನಿಗೆ ಇದು ತಲೆನೋವಿನ ಕೆಲಸ. ಗಮ್‌ರೋಡ್ 2025ರ ಜನವರಿಯಿಂದ ತಾನೇ ಅಧಿಕೃತ ಮಾರಾಟಗಾರನಾಗಿ ನಿಂತು ಇಂತಹ ತೆರಿಗೆಗಳನ್ನು ವಸೂಲಿ ಮಾಡಿ ಕಟ್ಟುತ್ತಿದೆ. ನಾನು ಅಲ್ಲಿ ಮಾರಲು ನಿರ್ಧರಿಸಿದ್ದಕ್ಕೆ ಶುಲ್ಕಕ್ಕಿಂತ ಹೆಚ್ಚಾಗಿ ಇದೇ ಕಾರಣ.

ಇನ್ನು ಕೋರ್ಸಿನ ಹೃದಯದಲ್ಲಿರುವ ಮಾತಿಗೆ ಬರುತ್ತೇನೆ. ಒಮ್ಮೆ ದುಡಿದರೆ ಸಾಕು, ನೀವು ಮಲಗಿದ್ದಾಗಲೂ ಹಣ ಬರುತ್ತಿರುತ್ತದೆ ಎಂಬುದನ್ನು ಬೋಧಕರು ಪ್ರತಿಯೊಂದು ಭಾಗದಲ್ಲೂ ಹೇಳುತ್ತಾರೆ. ಹಣ ಬಂದದ್ದು ನಿಜ, ಒಂದೆರಡು ಬಾರಿ ನಾನು ಮಲಗಿದ್ದಾಗಲೇ ಬಂದದ್ದೂ ನಿಜ. ಆದರೆ ಎದ್ದು ನೋಡಿದರೆ ಹಣದ ಪಕ್ಕದಲ್ಲೇ ಒಂದು ಪ್ರಶ್ನೆಯೂ ಬಂದು ಕುಳಿತಿರುತ್ತಿತ್ತು. ಮೊದಲ ತಿಂಗಳಲ್ಲಿ 29 ಇಮೇಲ್‌ಗಳು ಬಂದವು. ಅವುಗಳಲ್ಲಿ ಹೆಚ್ಚಿನವು 14ನೆಯ ಪುಟಕ್ಕೆ ಸಂಬಂಧಿಸಿದವು: ಹೇಳಿದಂತೆಯೇ ಮಾಡಿದರೂ ದನಿ ಕಂಬಳಿ ಹೊದ್ದು ಮಾತನಾಡಿದಂತೆ ಕೇಳುತ್ತದೆ ಎಂಬ ದೂರು. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಸರಿಯಾಗಿ ಇರಿಸಿಕೊಳ್ಳಿ ಎಂದು ಆ ಪುಟದಲ್ಲಿ ಬರೆದು ಮುಂದೆ ಹೋಗಿದ್ದೆ. ಡಾಲ್ಬಿ ಇಲ್ಲದೆ ಧ್ವನಿಮುದ್ರಿಸಿದ ಕ್ಯಾಸೆಟ್ಟನ್ನು ಡಾಲ್ಬಿ ಹಾಕಿ ನುಡಿಸಿದರೆ ದನಿಯ ಹೊಳಪೆಲ್ಲ ಹೋಗುತ್ತದೆ, ಡಾಲ್ಬಿ ಹಾಕಿ ಮುದ್ರಿಸಿದ್ದನ್ನು ಅದಿಲ್ಲದೆ ನುಡಿಸಿದರೆ ಸುಯ್ಯೆನ್ನುವ ಸದ್ದು ಮೇಲೇಳುತ್ತದೆ, ಕ್ಯಾಸೆಟ್ಟಿನ ಮೇಲೆ ಗುರುತಿಲ್ಲದಿದ್ದರೆ ಎರಡೂ ಬಗೆಯಲ್ಲಿ ಕೇಳಿ ತೀರ್ಮಾನಿಸಬೇಕು ಎಂಬುದನ್ನು ಬಿಡಿಸಿ ಹೇಳಿರಲಿಲ್ಲ. ಬಲ್ಲವನ ಮರೆವಿನ ಬಗ್ಗೆ ಮೂರು ಬಾರಿ ಪಾಠ ಕೇಳಿದವನೂ ಅದೇ ಹಳ್ಳಕ್ಕೆ ಬಿದ್ದಿದ್ದೆ. ಆ ಪುಟವನ್ನು ಎರಡೂವರೆ ಪುಟಗಳಾಗಿ ಹಿಗ್ಗಿಸಿ, ಹೊಸ ಆವೃತ್ತಿಯನ್ನು ಹಳೆಯ ಗ್ರಾಹಕರಿಗೆಲ್ಲ ಉಚಿತವಾಗಿ ಕಳುಹಿಸಿದ ಮೇಲೆ ಆ ದೂರು ನಿಂತಿತು. ನಾಲ್ಕು ತಿಂಗಳಲ್ಲಿ ಹಣ ಹಿಂತಿರುಗಿ ಕೇಳಿದವರು ಐವರು, ಅವರಲ್ಲಿ ನಾಲ್ವರು ಮೊದಲ ಆವೃತ್ತಿಯನ್ನು ಕೊಂಡವರು.

46 ವಿಡಿಯೊಗಳಲ್ಲಿ ಕೊಂಡವರ ಪ್ರಶ್ನೆಗಳಿಗೆ ಉತ್ತರಿಸುವ ಈ ಕೆಲಸಕ್ಕೆಂದು ಮೀಸಲಾದದ್ದು ಒಂದು, ಅದರ ಅವಧಿ 6 ನಿಮಿಷ, ಅದು ಕೊಡುವ ಸಲಹೆ ಉತ್ತರಿಸಲು ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಿ ಎಂಬುದು. 63 ಪ್ರತಿಗಳ ವರಮಾನದಲ್ಲಿ ಸಹಾಯಕನಿಗೆ ಏನು ಕೊಡುವುದು ಎಂಬ ಪ್ರಶ್ನೆಯನ್ನು ಬದಿಗಿಡೋಣ. ಮಾಹಿತಿ ಉತ್ಪನ್ನವನ್ನು ಮಾರುವವನಿಗೆ ಮುಂದಿನ ಆವೃತ್ತಿಯ ಹಸ್ತಪ್ರತಿ ಉಚಿತವಾಗಿ ಬಂದು ಬೀಳುವುದು ಈ ಪ್ರಶ್ನೆಗಳ ರೂಪದಲ್ಲಿಯೇ. ಅದನ್ನು ಓದದೆ ಇನ್ನೊಬ್ಬರಿಗೆ ಒಪ್ಪಿಸಿಬಿಡು ಎನ್ನುವುದು ಮೊದಲ ಎರಡು ಭಾಗಗಳಲ್ಲಿ ತಾನೇ ಕಲಿಸಿದ್ದನ್ನು ಕೋರ್ಸು ಕೊನೆಯಲ್ಲಿ ಮರೆತಂತೆ.

ಏಳನೆಯ ಭಾಗವು ಕದ್ದು ಹಂಚುವುದನ್ನು ತಡೆಯುವ ಬಗ್ಗೆ ಇದೆ. ಕೊಂಡವರ ಇಮೇಲ್ ವಿಳಾಸವನ್ನು ಪ್ರತಿ ಪುಟದಲ್ಲೂ ಮುದ್ರಿಸುವ ಉಪಾಯ ಸಾಕಷ್ಟಾಯಿತು. ಉಳಿದ ಬೀಗಗಳು ಪ್ರಾಮಾಣಿಕರನ್ನೇ ಸತಾಯಿಸುವಂಥವು. ಎಂಟನೆಯ ಭಾಗವು ಇದಕ್ಕಿಂತ ದುಬಾರಿಯಾದ ಇನ್ನೊಂದು ಕೋರ್ಸಿನ ಜಾಹೀರಾತು. ಅದರಲ್ಲಿ ನಮ್ಮ ವಿಷಯವನ್ನು ಬಿಟ್ಟು, ಮಾಹಿತಿ ಉತ್ಪನ್ನ ಮಾರುವುದು ಹೇಗೆಂದು ಇತರರಿಗೆ ಕಲಿಸುವ ಕೋರ್ಸನ್ನು ತಯಾರಿಸುವುದನ್ನು ಕಲಿಸುತ್ತಾರಂತೆ.

ಲೆಕ್ಕ ಹೀಗಿದೆ. ಮಾರಾಟವಾದ 63 ಪ್ರತಿಗಳಲ್ಲಿ 5ರ ಹಣ ಹಿಂತಿರುಗಿ, ಉಳಿದದ್ದು 58. ಕೋರ್ಸಿನ ಶುಲ್ಕವು, ತಾಣದ ಪಾಲನ್ನು ಕಳೆದ ಮೇಲೆ, ನನ್ನ 38 ಪ್ರತಿಗಳ ವರಮಾನಕ್ಕೆ ಸಮ. ಜಾಹೀರಾತಿಗೆ ಸುರಿದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಉಳಿಯುವುದು 20 ಪ್ರತಿಗಳ ಹಣ. ಅದಕ್ಕೆ ಪ್ರತಿಯಾಗಿ ಪಾಠ, ಬರವಣಿಗೆ, ಛಾಯಾಚಿತ್ರ, ಉತ್ತರಗಳೆಲ್ಲ ಸೇರಿ ಸುಮಾರು 140 ಗಂಟೆಗಳನ್ನು ಕೊಟ್ಟಿದ್ದೇನೆ. ಕೈಪಿಡಿ ಮುಂದೆಯೂ ಮಾರಾಟವಾಗುತ್ತದೆ, ಕೋರ್ಸಿನ ಶುಲ್ಕವನ್ನು ಮತ್ತೆ ಕಟ್ಟಬೇಕಿಲ್ಲ, ಆದ್ದರಿಂದ ಎರಡನೆಯ ವರ್ಷದ ಲೆಕ್ಕ ಇದಕ್ಕಿಂತ ಚೆನ್ನಾಗಿರುತ್ತದೆಂದು ನಿರೀಕ್ಷಿಸುತ್ತೇನೆ. ಇದು ಉಪಸಂಪಾದನೆಯೇ ಸರಿ, ಸಂಬಳಕ್ಕೆ ಬದಲಿಯಲ್ಲ.

ಯಾರಾದರೂ ಈ ಕೋರ್ಸನ್ನು ಕೊಳ್ಳಬೇಕೆ ಎಂದರೆ, ಒಂದು ವಿಷಯದಲ್ಲಿ ಈಗಾಗಲೇ ಪಳಗಿದ್ದು, ಜನರಿಂದ ಪ್ರಶ್ನೆಗಳನ್ನು ಎದುರಿಸುತ್ತಿದ್ದು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ 300 ಪುಟಗಳ ಗ್ರಂಥದ ಕನಸು ಕಾಣುತ್ತಿರುವವರಿಗೆ ಮೊದಲ ಎರಡು ಭಾಗಗಳೂ ನಾಲ್ಕನೆಯ ಭಾಗದ ಉಚಿತ ಮಾದರಿಯ ಪಾಠವೂ ನಿಜಕ್ಕೂ ಉಪಯುಕ್ತ. ಅವು ಬಿಡಿಯಾಗಿ ಸಿಗುವುದಿಲ್ಲ. ಹೇಳಲು ವಿಷಯವೇ ಇಲ್ಲದೆ ಗಳಿಕೆಯ ಚಿತ್ರಗಳನ್ನು ನೋಡಿ ಬಂದವರಿಗೆ ಇದರಲ್ಲಿ ಏನೂ ಇಲ್ಲ. ಅಂಥವರನ್ನು ಎಂಟನೆಯ ಭಾಗ ಕಾಯುತ್ತಿರುತ್ತದೆ. ಐದು ನಕ್ಷತ್ರಗಳಲ್ಲಿ ನಾನು ಎರಡನ್ನು ಕೊಡುತ್ತೇನೆ, ಎರಡೂ ಮೊದಲ ಎರಡು ಭಾಗಗಳಿಗೇ ಸಲ್ಲತಕ್ಕವು.